ಕಾರಖಾನೆಯ ಕಸದ ಲೆಕ್ಕ

ಬಟ್ಟೆ ಗಿರಣಿಯಲ್ಲಿ ದುಡಿದ ನಮ್ಮ ಹಿರಿಯರಿಗೆ ಕಸದ ಲೆಕ್ಕ ಹೊಸ ಮಾತಲ್ಲ. ಗಿರಣಿಯೊಳಗೆ ಬಂದ ಹತ್ತಿಯ ಬೇಲುಗಳು ತೂಕವಾಗುತ್ತಿದ್ದವು. ಹೊರಗೆ ಬಂದ ನೂಲು ತೂಕವಾಗುತ್ತಿತ್ತು. ಈ ಎರಡರ ನಡುವೆ ಬ್ಲೋರೂಮಿನಲ್ಲಿ ಉದುರಿದ ಕಸುರು, ಕಾರ್ಡಿಂಗ್ ಖಾತೆಯಲ್ಲಿ ಬಿದ್ದ ಪಟ್ಟಿ, ಕೋಂಬರಿನಲ್ಲಿ ಉಳಿದ ಗಿಡ್ಡ ಎಳೆ, ಸ್ಪಿನ್ನಿಂಗ್ ಖಾತೆಯ ತುಂಡು ನೂಲು, ಇವೆಲ್ಲ ಬೇರೆಬೇರೆ ಚೀಲಗಳಲ್ಲಿ ತುಂಬಿ, ತೂಗಿ, ವಹಿಯಲ್ಲಿ ಏರುತ್ತಿದ್ದವು. ಕಸ ಹೆಚ್ಚಾಯಿತೆಂದರೆ ಜಾಬರನಿಗೆ ಬುಲಾವು ಬರುತ್ತಿತ್ತು. ಜಾಬರನಿಗೆ ಬುಲಾವು ಬಂದರೆ ಬದಲಿ ಕಾಮಗಾರನ ಹೊಟ್ಟೆಯ ಮೇಲೆ ಬೀಳುತ್ತಿತ್ತು. ಹತ್ತಿಯ ಒಂದು ಎಳೆಯೂ ಲೆಕ್ಕ ತಪ್ಪಿ ಹೋಗಬಾರದೆಂದು ಮಾಲಿಕರು ಕಣ್ಣಿನಲ್ಲಿ ಎಣ್ಣೆ ಹಾಕಿಕೊಂಡು ಕಾದಿದ್ದ ಕಾಲ ಅದು.

ಇಷ್ಟೆಲ್ಲ ತೂಗಿದ ಮೇಲೂ ಬಂದ ಹತ್ತಿಯ ತೂಕಕ್ಕೂ ವಹಿಯ ಮೊತ್ತಕ್ಕೂ ಸ್ವಲ್ಪ ಅಂತರ ಉಳಿಯುತ್ತಿತ್ತು. ಅದಕ್ಕೆ ಗಿರಣಿಯ ಲೆಕ್ಕದಲ್ಲಿ 'ಕಾಣದ ನಷ್ಟ' ಎಂದು ಹೆಸರು. ಅದರಲ್ಲಿ ಒಂದು ಪಾಲು ಹತ್ತಿಯ ಒಳಗಿದ್ದು ಆರಿಹೋದ ತೇವ. ಇನ್ನೊಂದು ಪಾಲು ಗಾಳಿಯಲ್ಲಿ ಹಾರಿದ ಧೂಳು. ಆ ಧೂಳು ಎಲ್ಲಿಗೆ ಹೋಯಿತೆಂಬುದನ್ನು ವಹಿ ಬರೆಯುವ ಗುಮಾಸ್ತರು ಕೇಳಲಿಲ್ಲ. ಬ್ಲೋರೂಮು ಮತ್ತು ಕಾರ್ಡಿಂಗಿನಲ್ಲಿ ವರ್ಷಗಟ್ಟಲೆ ನಿಂತವರ ಎದೆ ಅದಕ್ಕೆ ಉತ್ತರ ಹೇಳಿತು. ವಾರದ ರಜೆ ಕಳೆದು ಕೆಲಸಕ್ಕೆ ಬಂದ ದಿನ ಎದೆ ಬಿಗಿಯುವುದು, ಕೆಮ್ಮು ಏಳುವುದು, ಕೊನೆಗೆ ಮೆಟ್ಟಿಲು ಹತ್ತಲೂ ಆಗದಂತೆ ಉಸಿರು ಕಟ್ಟುವುದು. ವೈದ್ಯರು ಇದಕ್ಕೆ ಬಿಸಿನೋಸಿಸ್ ಎಂದು ಹೆಸರಿಟ್ಟರು. ಮಾಲಿಕರ ವಹಿಯಲ್ಲಿ 'ಕಾಣದ ನಷ್ಟ'ವಾಗಿದ್ದುದು ನಮ್ಮವರ ಮೈಯಲ್ಲಿ ಕಾಣುವ ನಷ್ಟವಾಯಿತು.

ಈ ಹಳೆಯ ಮಾತನ್ನು ಇಂದು ನೆನೆಯಲು ಕಾರಣವಿದೆ. ಮುಂಬಯಿಯ ಗಿರಣಿಗಳ ಕಾಲ 1982ರ ಜನವರಿ 18ರಂದು ಆರಂಭವಾದ ಮುಷ್ಕರದೊಂದಿಗೆ ಇಳಿಮುಖವಾಯಿತು. ಭೋಂಗಾಗಳ ಸದ್ದು ಒಂದೊಂದಾಗಿ ನಿಂತಿತು. ಅದೇ ಕಾಲದಲ್ಲಿ ದೊಡ್ಡ ಕೈಗಾರಿಕೆ ಮುಂಬಯಿ ಪುಣೆಗಳನ್ನು ದಾಟಿ ಒಳನಾಡಿಗೆ ನಡೆಯಿತು. ಔರಂಗಾಬಾದ್ ಜಿಲ್ಲೆಯ ಗಂಗಾಪುರ ತಾಲೂಕಿನ ವಾಳೂಜದಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ವಸಾಹತು ಬೆಳೆಯಿತು. 1985ರಲ್ಲಿ ಬಜಾಜ್ ಆಟೋ ಕಂಪನಿಯ ದೊಡ್ಡ ಕಾರಖಾನೆ ಅಲ್ಲಿ ಶುರುವಾಯಿತು. ಅದರ ಬೆನ್ನಿಗೆ ಬಿಡಿಭಾಗ ಮಾಡುವವರು, ಬಣ್ಣ ಬಳಿಯುವವರು, ಎರಕ ಹೊಯ್ಯುವವರು, ಔಷಧಿ ಮಾಡುವವರು, ಮದ್ಯ ಇಳಿಸುವವರು ಬಂದರು. ಕಾರಖಾನೆಯ ಹೆಸರಿನಿಂದಲೇ ಬಜಾಜ್‌ನಗರವೆಂಬ ಊರೂ ಎದ್ದಿತು. 2023ರಲ್ಲಿ ಆ ಜಿಲ್ಲೆಗೆ ಛತ್ರಪತಿ ಸಂಭಾಜಿನಗರವೆಂದು ಹೆಸರಾಯಿತು.

ಈ ಪ್ರದೇಶ ನಮಗೆ ಪರದೇಶವಲ್ಲ. 1956ರ ನವೆಂಬರ್ 1ರ ತನಕ ಔರಂಗಾಬಾದ್, ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳೆಲ್ಲ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಅದಕ್ಕೂ ಸಾವಿರ ವರ್ಷ ಹಿಂದೆ, ಎಲ್ಲೋರದ ಕೈಲಾಸವನ್ನು ಕಡೆಸಿದ ರಾಷ್ಟ್ರಕೂಟರ ಕಾಲದಲ್ಲಿ, ಕನ್ನಡ ನಾಡಿನ ಮೇರೆ ಗೋದಾವರಿ ಎಂದು 'ಕವಿರಾಜಮಾರ್ಗ' ಗುರುತಿಸಿತ್ತು. ಇಂದು ಆ ಮೇರೆಗೆ ನಮ್ಮ ಹಕ್ಕಿಲ್ಲ. ಅದನ್ನು ಕೇಳುವುದೂ ಇಲ್ಲ. ಆದರೆ ಹೊಟ್ಟೆಪಾಡಿಗೆ ಎಲ್ಲೆಲ್ಲಿ ಯಂತ್ರ ತಿರುಗುತ್ತದೋ ಅಲ್ಲಿಗೆ ನಮ್ಮವರು ಹೋಗುತ್ತಾರೆ. ಯಂತ್ರ ತಿರುಗುವಲ್ಲಿ ಚಹಾ ಬೇಕು, ಊಟ ಬೇಕು. ಅಲ್ಲಿಗೂ ನಮ್ಮವರು ಹೋಗುತ್ತಾರೆ. ಆದುದರಿಂದ ವಾಳೂಜದಂಥ ಊರಿನ ಕಸದ ಪ್ರಶ್ನೆ ನಮ್ಮ ಪತ್ರಿಕೆಯ ಪ್ರಶ್ನೆಯೂ ಹೌದು.

ಮೋಟಾರ್ ಸೈಕಲ್ಲು, ಮೂರು ಗಾಲಿಯ ಗಾಡಿ ಮಾಡುವಂಥ ದೊಡ್ಡ ಕಾರಖಾನೆಯಲ್ಲಿ ಕಸವೆಂದರೆ ಏನೇನು? ಕಬ್ಬಿಣ, ಅಲ್ಯುಮಿನಿಯಂ ತುಂಡು ಮತ್ತು ಚೂರು. ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ ಹಾಳೆ, ಮರದ ಹಲಗೆ. ಕ್ಯಾಂಟೀನಿನ ಅನ್ನ ಪಲ್ಯದ ಉಳಿಕೆ. ಇವು ಕಣ್ಣಿಗೆ ಕಾಣುವ ಸಾಧು ಕಸ. ಇನ್ನೊಂದು ಜಾತಿಯದು ಬೇರೆ. ಯಂತ್ರದಿಂದ ಇಳಿಸಿದ ಹಳೆಯ ಎಣ್ಣೆ, ಬಣ್ಣದ ಕೋಣೆಯಲ್ಲಿ ಕೂಡುವ ಬಣ್ಣದ ರಾಡಿ, ತಗಡಿಗೆ ಬಣ್ಣ ಹಿಡಿಯಲೆಂದು ಮಾಡುವ ಫಾಸ್ಫೇಟ್ ಸ್ನಾನದ ಗಸಿ, ಕೊಳಚೆ ನೀರನ್ನು ಶುದ್ಧಮಾಡಿದಾಗ ತಳದಲ್ಲಿ ಉಳಿಯುವ ಕೆಸರು, ಬಳಸಿ ಬಿಟ್ಟ ತಿನ್ನರು, ರಸಾಯನ ತುಂಬಿ ಬಂದ ಖಾಲಿ ಪೀಪಾಯಿ, ಎಣ್ಣೆ ಒರೆಸಿದ ಬಟ್ಟೆ. ಇವನ್ನು ಕಾಯಿದೆ ಅಪಾಯಕಾರಿ ತ್ಯಾಜ್ಯವೆಂದು ಕರೆಯುತ್ತದೆ. ಒಂದೊಂದಕ್ಕೂ ಅನುಸೂಚಿಯಲ್ಲಿ ಅಂಕಿ ಕೊಟ್ಟಿದೆ: ಹಳೆಯ ಎಣ್ಣೆಗೆ 5.1, ಖಾಲಿ ಪೀಪಾಯಿಗೆ 33.1, ಮಲಿನವಾದ ಹತ್ತಿಬಟ್ಟೆಗೆ 33.2.

ಈ ಕೊನೆಯದನ್ನು ಗಿರಣಿಯ ಬಂಧುಗಳು ಗಮನಿಸಬೇಕು. ಗಿರಣಿಯಲ್ಲಿ ಕಸವೆಂದು ಚೀಲ ತುಂಬಿದ ತುಂಡು ನೂಲೇ 'ಕಾಟನ್ ವೇಸ್ಟ್' ಎಂಬ ಹೆಸರಿನಲ್ಲಿ ಮಾರಾಟವಾಗಿ, ಬೇರೆ ಕಾರಖಾನೆಗೆ ಹೋಗಿ ಯಂತ್ರ ಒರೆಸುತ್ತದೆ. ಅಂದರೆ ಗಿರಣಿಯ ಕಸ ಅಲ್ಲಿ ಸಾಮಾನು. ಒಮ್ಮೆ ಎಣ್ಣೆ ಕುಡಿದ ಮೇಲೆ ಅದೇ ನೂಲು ಮತ್ತೆ ಕಸ. ಈ ಸಲ ಅಪಾಯದ ಕಸ. ಕಸವೆಂಬುದು ವಸ್ತುವಿನ ಜಾತಿಯಲ್ಲ, ಅದರ ಅವಸ್ಥೆ. ಅದು ಎಲ್ಲಿಂದ ಎಲ್ಲಿಗೆ, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನು ಬರೆದಿಡದಿದ್ದರೆ ಅದು ಸಾಮಾನೋ ವಿಷವೋ ಹೇಳಲು ಬಾರದು. ಲೆಕ್ಕ ಬೇಕೆನ್ನುವುದು ಇದಕ್ಕೇ.

ಲೆಕ್ಕದ ಕಾಯಿದೆ ಇಲ್ಲವೆಂದು ಯಾರೂ ಹೇಳುವಂತಿಲ್ಲ. 1984ರ ಭೋಪಾಲದ ದುರಂತದ ನಂತರ 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂತು. ಅದರ ಕೆಳಗೆ 1989ರಲ್ಲಿ ಅಪಾಯಕಾರಿ ತ್ಯಾಜ್ಯದ ನಿಯಮಗಳಾದವು. 2008ರಲ್ಲಿ ಅವು ತಿರುಗಿ ರಚನೆಯಾದವು, 2016ರಲ್ಲಿ ಮತ್ತೊಮ್ಮೆ. 2016ರ ನಿಯಮಗಳು ಕಾರಖಾನೆಯವರ ಮೇಲೆ ಆರು ಮೆಟ್ಟಿಲಿನ ಹೊಣೆ ಹೊರಿಸಿವೆ. ಮೊದಲು ಕಸ ಹುಟ್ಟದಂತೆ ನೋಡಬೇಕು. ಹುಟ್ಟಿದರೆ ಕಡಿಮೆ ಮಾಡಬೇಕು. ಆಮೇಲೆ ತಿರುಗಿ ಬಳಸಬೇಕು. ಆಗದಿದ್ದರೆ ಕರಗಿಸಿ ಹೊಸದು ಮಾಡಬೇಕು. ಅದೂ ಆಗದಿದ್ದರೆ ಅದರಲ್ಲಿರುವ ಸಾರವನ್ನೋ ಶಾಖವನ್ನೋ ಎತ್ತಿಕೊಳ್ಳಬೇಕು. ಯಾವುದೂ ಸಾಧ್ಯವಾಗದ್ದನ್ನು ಮಾತ್ರ ಸುರಕ್ಷಿತವಾಗಿ ಹೂಳಬೇಕು ಇಲ್ಲವೆ ಸುಡಬೇಕು. ಕಾರಖಾನೆಯವರು ನಮೂನೆ 3ರಲ್ಲಿ ದಾಖಲೆ ಇಡಬೇಕು. ನಮೂನೆ 4ರಲ್ಲಿ ವರ್ಷದ ಲೆಕ್ಕವನ್ನು ಜೂನ್ 30ರೊಳಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಲಿಗೆ ಒಪ್ಪಿಸಬೇಕು. ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಕಾಲ ಅಪಾಯದ ಕಸವನ್ನು ಅಂಗಳದಲ್ಲಿ ಇಟ್ಟುಕೊಳ್ಳಕೂಡದು. ಪೀಪಾಯಿಯ ಮೇಲೆ ಹಳದಿ ಚೀಟಿ ಅಂಟಿಸಿ, ಅಪಾಯದ ಮಾತನ್ನು ಕೆಂಪು ಅಕ್ಷರದಲ್ಲಿ ಹಿಂದಿ, ಇಂಗ್ಲಿಷ್ ಮತ್ತು ಸ್ಥಳೀಯ ಭಾಷೆಗಳಲ್ಲಿ ಬರೆಯಬೇಕು.

ಲಾರಿಯಲ್ಲಿ ಕಸ ಹೊರಟಾಗ ಏಳು ಪ್ರತಿಗಳ ರವಾನೆ ಚೀಟಿ ಅದರ ಜೊತೆ ಹೊರಡುತ್ತದೆ. ಬಿಳಿಯದು ಮಂಡಲಿಗೆ, ಹಳದಿಯದು ಕಳುಹಿಸಿದವನ ಬಳಿ, ಗುಲಾಬಿ ಬಣ್ಣದ್ದು ತೆಗೆದುಕೊಂಡವನ ಬಳಿ, ಕಿತ್ತಳೆಯದು ಲಾರಿಯವನಿಗೆ, ಹಸಿರಿನದು ತೆಗೆದುಕೊಂಡವನಿಂದ ಮಂಡಲಿಗೆ, ನೀಲಿಯದು ತಿರುಗಿ ಕಳುಹಿಸಿದವನಿಗೆ, ಕಸ ಬೇರೆ ರಾಜ್ಯದಿಂದ ಬಂದಿದ್ದರೆ ಬೂದು ಬಣ್ಣದ್ದು ಆ ರಾಜ್ಯದ ಮಂಡಲಿಗೆ. ಕಾಗದದ ಜಾಗಕ್ಕೆ ಗಣಕಯಂತ್ರ ಬಂದರೂ ತತ್ತ್ವ ಒಂದೇ. ಕೊಟ್ಟವನ ಲೆಕ್ಕವೂ ಪಡೆದವನ ಲೆಕ್ಕವೂ ಕೂಡಿಬರಬೇಕು. ನೀಲಿ ಪ್ರತಿ ತಿರುಗಿ ಬರಲಿಲ್ಲವೆಂದರೆ ಲಾರಿ ಹೋಗಬೇಕಾದಲ್ಲಿಗೆ ಹೋಗಲಿಲ್ಲವೆಂದು ಸಂಶಯಪಡಬೇಕು. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಎಂಬಂತೆ ಆಗಬಾರದೆಂದೇ ಈ ಏಳು ಬಣ್ಣಗಳ ಏರ್ಪಾಡು.

ಇದಲ್ಲದೆ ಪೇಟೆಯಲ್ಲಿ ಶೇರು ನಡೆಯುವ ದೊಡ್ಡ ಕಂಪನಿಗಳಿಗೆ ಇನ್ನೊಂದು ಕಟ್ಟು ಬಂದಿದೆ. 2021ರ ಮೇ ತಿಂಗಳಲ್ಲಿ ಸೆಬಿ ಹೊರಡಿಸಿದ ಸುತ್ತೋಲೆಯ ಪ್ರಕಾರ, 2022–23ರ ವರ್ಷದಿಂದ ಮೊದಲ 1,000 ಕಂಪನಿಗಳು ತಮ್ಮ ವಾರ್ಷಿಕ ವರದಿಯ ಜೊತೆಗೆ ಹೊಣೆಗಾರಿಕೆಯ ವರದಿಯನ್ನೂ ಅಚ್ಚು ಹಾಕಬೇಕಾಯಿತು. ಅದರಲ್ಲಿ ಕಸದ ಪಟ್ಟಿ ಇರುತ್ತದೆ. ಪ್ಲಾಸ್ಟಿಕ್, ವಿದ್ಯುನ್ಮಾನ, ಆಸ್ಪತ್ರೆಯ ಕಸ, ಕಟ್ಟಡದ ಕಸ, ಬ್ಯಾಟರಿ, ಇತರ ಅಪಾಯದ ಕಸ, ಅಪಾಯವಿಲ್ಲದ ಕಸ, ಹೀಗೆ ಜಾತಿವಾರು ಎಷ್ಟು ಟನ್ ಹುಟ್ಟಿತು. ಅದರಲ್ಲಿ ಎಷ್ಟನ್ನು ತಿರುಗಿ ಪಡೆದರು. ಎಷ್ಟನ್ನು ಸುಟ್ಟರು, ಎಷ್ಟನ್ನು ಹೂಳಿದರು. ಈ ವರ್ಷದ ಅಂಕಿಯ ಪಕ್ಕದಲ್ಲಿ ಹೋದ ವರ್ಷದ ಅಂಕಿಯೂ ಇರಬೇಕು. ಬಜಾಜ್ ಆಟೋದಂಥ ಕಂಪನಿಗಳೂ ಇದಕ್ಕೆ ಒಳಪಟ್ಟವು. ಒಂದು ಕಾಲಕ್ಕೆ ಕಚೇರಿಯ ಬೀರುವಿನೊಳಗಿದ್ದ ಲೆಕ್ಕ ಬಯಲಿಗೆ ಬಂದದ್ದು ಸಂತೋಷದ ಸಂಗತಿ. ಇದನ್ನು ನಾವು ಮನಃಪೂರ್ವಕ ಸ್ವಾಗತಿಸುತ್ತೇವೆ.

ಆದರೆ ಶೇರುದಾರನು ಓದುವ ಲೆಕ್ಕವನ್ನು ಕಾಮಗಾರನೂ ಓದಲು ಕಲಿಯಬೇಕು. ಓದುವಾಗ ನಾಲ್ಕು ಕಡೆ ಎಚ್ಚರ ಬೇಕು.

ಒಂದನೆಯದು, ನೂರಕ್ಕೆ ಇಷ್ಟು ಎಂಬ ಮಾತು. ಒಂದು ಕಾರಖಾನೆಯಲ್ಲಿ ವರ್ಷಕ್ಕೆ 1,000 ಟನ್ ಕಸ ಹುಟ್ಟಿತೆಂದು ಇಟ್ಟುಕೊಳ್ಳೋಣ. ಅದರಲ್ಲಿ 940 ಟನ್ ಲೋಹದ ಚೂರು, ರಟ್ಟು, ಮರ. ಅದೆಲ್ಲ ಮಾರಾಟವಾಯಿತು. ನೂರಕ್ಕೆ 94 ಪಾಲು ತಿರುಗಿ ಪಡೆದೆವೆಂದು ವರದಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುತ್ತದೆ. ಸುಳ್ಳೇನಲ್ಲ. ಆದರೆ ಕಬ್ಬಿಣದ ಚೂರನ್ನು ಯಾವ ಮಾಲಿಕನು ತಾನೇ ಬೀದಿಗೆ ಎಸೆದಾನು? ಅದಕ್ಕೆ ಬೆಲೆ ಬರುತ್ತದೆ. ಪರೀಕ್ಷೆ ಇರುವುದು ಉಳಿದ 60 ಟನ್ನಿನಲ್ಲಿ. ಅದು ರಾಡಿ, ಕೆಸರು, ತಿನ್ನರು. ಭಾರದ ಕಸ ಹಗುರ ವಿಷವನ್ನು ಮುಚ್ಚಿಬಿಡುತ್ತದೆ. ಆದುದರಿಂದ ಅಪಾಯದ ಕಸದ ಲೆಕ್ಕವನ್ನು ಬೇರೆಯಾಗಿಯೇ ಓದಬೇಕು.

ಎರಡನೆಯದು, ತೂಕ. ಕೆಸರಿನಲ್ಲಿ ನೀರೇ ಹೆಚ್ಚು. ಅದನ್ನು ಒಣಗಿಸಿದರೆ ತೂಕ ಇಳಿಯುತ್ತದೆ. ವರದಿಯಲ್ಲಿ ಕಸ ಕಡಿಮೆಯಾಯಿತೆಂದು ಕಾಣುತ್ತದೆ. ಸಾಗಿಸುವ ಖರ್ಚು ಉಳಿಯುವುದು ನಿಜ. ಒಣಗಿಸುವುದು ತಪ್ಪೂ ಅಲ್ಲ. ಆದರೆ ಅದರಲ್ಲಿದ್ದ ಲೋಹ ಒಂದು ಗುಂಜಿಯೂ ಕಡಿಮೆಯಾಗಿರುವುದಿಲ್ಲ. ಹಾಗೆಯೇ ವ್ಯಾಪಾರದ ಒಂದು ರೂಪಾಯಿಗೆ ಎಷ್ಟು ಕಸ ಎಂಬ ಲೆಕ್ಕ. ಗಾಡಿಯ ಬೆಲೆ ಏರಿದರೆ ಸಾಕು, ಒಂದು ಚಮಚ ಕಸವನ್ನೂ ತಗ್ಗಿಸದೆ ಈ ಅಂಕಿ ಇಳಿಯುತ್ತದೆ. ಒಂದು ಗಾಡಿಗೆ ಎಷ್ಟು ಎಂದು ಕೇಳುವುದೇ ನೇರವಾದ ಪ್ರಶ್ನೆ.

ಮೂರನೆಯದು, 'ತಿರುಗಿ ಪಡೆದದ್ದು' ಎಂಬ ಶಬ್ದ. ಅಲ್ಯುಮಿನಿಯಂ ಕರಗಿ ಮತ್ತೆ ಅಲ್ಯುಮಿನಿಯಂ ಆದರೆ ಅದು ನಿಜವಾಗಿ ತಿರುಗಿ ಬಂತು. ಬಣ್ಣದ ರಾಡಿಯನ್ನು ಸಿಮೆಂಟಿನ ಗೂಡಿನಲ್ಲಿ ಕಲ್ಲಿದ್ದಲಿನ ಬದಲು ಉರಿಸಿದರೂ ನಿಯಮದಲ್ಲಿ ಅದು ಪಡೆದ ಲೆಕ್ಕವೇ. ವಾಡಿ, ಸೇಡಂ, ಮಳಖೇಡಗಳಲ್ಲಿ ದುಡಿದ ಕಲಬುರಗಿಯ ಕಡೆಯವರು ಅಂಥ ಗೂಡುಗಳನ್ನು ಬಲ್ಲರು. ಅದರೊಳಗಿನ ಶಾಖ 1,400 ಡಿಗ್ರಿಗಿಂತ ಮೇಲೆ. ನೆಲದಲ್ಲಿ ಹೂಳುವುದಕ್ಕಿಂತ ಇದು ಮೇಲೆಂಬುದರಲ್ಲಿ ವಾದವಿಲ್ಲ. ಆದರೆ ಇಲ್ಲಿ ಉಳಿದದ್ದು ಶಾಖ ಮಾತ್ರ. ಬಣ್ಣ ಹೋಯಿತು, ಹಣ ಹೋಯಿತು. ಬಣ್ಣವೇ ವ್ಯರ್ಥವಾಗದಂತೆ ಬಳಿಯುವ ಯಂತ್ರ ತಂದರೆ ಅದು ಮೊದಲ ಮೆಟ್ಟಿಲು. ಸಿಮೆಂಟಿನ ಗೂಡು ಐದನೆಯ ಮೆಟ್ಟಿಲು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ನಾಲ್ಕನೆಯದು ನಮ್ಮ ಕೈಯಲ್ಲೇ ಇರುವ ಪರೀಕ್ಷೆ. ವರ್ಷದ ಆರಂಭದಲ್ಲಿ ಅಂಗಳದಲ್ಲಿದ್ದ ಕಸಕ್ಕೆ ಆ ವರ್ಷ ಹುಟ್ಟಿದ್ದನ್ನು ಕೂಡಿಸಿ, ಹೊರಗೆ ಕಳುಹಿಸಿದ್ದನ್ನು ಕಳೆದರೆ, ವರ್ಷದ ಕೊನೆಯಲ್ಲಿ ಅಂಗಳದಲ್ಲಿ ಉಳಿದದ್ದು ಬರಬೇಕು. ಇದು ನಮ್ಮ ಹೋಟೆಲಿನ ಅಕ್ಕಿ ಬೇಳೆಯ ಲೆಕ್ಕವೇ. ಅಂಗಳದಲ್ಲಿ ಇರಬೇಕಾದಷ್ಟು ಪೀಪಾಯಿ ಇಲ್ಲವೆಂದರೆ ಅವು ಎಲ್ಲಿಯೋ ಹೋದವು. ಎಲ್ಲಿಗೆಂಬುದೇ ಪ್ರಶ್ನೆ.

ಎಲ್ಲಿಗೆ ಹೋಗುತ್ತವೆ? ನಮ್ಮ ಊರಿನಲ್ಲಿ ಬಂಗಾರವೆಂದರೆ ಚಿನ್ನ. ಮುಂಬಯಿಯಲ್ಲಿ ಭಂಗಾರವೆಂದರೆ ಗುಜರಿ. ಒಂದು ಅಕ್ಷರದ ಉಸಿರಿನ ಅಂತರ. ಭಂಗಾರದವನಿಗೆ ಮಾತ್ರ ಎರಡೂ ಒಂದೇ. ರಸಾಯನ ತುಂಬಿದ್ದ ಪೀಪಾಯಿಯನ್ನು ತೂತು ಕೊರೆಯದೆ, ಜಜ್ಜದೆ, ಹಾಗೆಯೇ ಹೊರಗೆ ಬಿಟ್ಟರೆ ಅದಕ್ಕೆ ಒಳ್ಳೆಯ ಗಿರಾಕಿ ಇದ್ದಾನೆ. ಯಾರೋ ಹುಡುಗ ಬರಿಗೈಯಲ್ಲಿ ಅದನ್ನು ತೊಳೆಯುತ್ತಾನೆ. ತೊಳೆದ ನೀರು ಗಟಾರಕ್ಕೆ. ಕಬ್ಬಿಣದ ಪೀಪಾಯಿಯಾದರೆ ಗ್ಯಾಸಿನಿಂದ ಕತ್ತರಿಸಲು ಹೋಗುತ್ತಾರೆ. ಒಳಗೆ ತಿನ್ನರಿನ ಆವಿ ಉಳಿದಿದ್ದರೆ ಅದು ಸಿಡಿಯುತ್ತದೆ. ಪ್ಲಾಸ್ಟಿಕಿನ ನೀಲಿ ಡ್ರಮ್ಮಾದರೆ ಅದು ಪೇಟೆಗೆ ಬರುತ್ತದೆ. ಅಲ್ಲಿಂದ ನೀರು ತುಂಬಿಡಲೆಂದು ಹೋಟೆಲಿನ ಅಡಿಗೆಮನೆಯ ಹಿಂದಕ್ಕೆ, ಚಾಳಿನ ಮೋರಿಯ ಪಕ್ಕಕ್ಕೆ ಬರುತ್ತದೆ. ಆ ಡ್ರಮ್ಮಿನಲ್ಲಿ ಮೊದಲು ಏನಿತ್ತೆಂದು ಮಾರಿದವನಿಗೂ ಗೊತ್ತಿಲ್ಲ, ಕೊಂಡವನಿಗೂ ಗೊತ್ತಿಲ್ಲ. ಲೆಕ್ಕ ತಪ್ಪಿದ ಕಸ ಲೋಕದಿಂದ ಮಾಯವಾಗುವುದಿಲ್ಲ. ಅದು ಬಡವನ ಮನೆಯ ನೀರಿನ ಪಾತ್ರೆಯಾಗಿ ಬರುತ್ತದೆ. ಹೋಟೆಲು ಕಾಮಗಾರರಿಗೆ ಗಂಗಾಪುರದ ಕಸದಿಂದ ಏನಾಗಬೇಕೆಂದು ಕೇಳುವವರಿಗೆ ಇದೇ ನಮ್ಮ ಉತ್ತರ.

ನೀರಿನ ಮಾತು ಬಂದಾಗ ಗೋದಾವರಿಯನ್ನೂ ನೆನೆಯಬೇಕು. ತ್ರ್ಯಂಬಕದಲ್ಲಿ ಹುಟ್ಟಿದ ಹೊಳೆಗೆ ನಾಸಿಕದ ಮೇಲೆ ಒಂದು ಅಣೆಕಟ್ಟು ಇದೆ. ಅದರ ಹೆಸರೂ ಗಂಗಾಪುರವೇ. 1965ರಲ್ಲಿ ಮುಗಿದ ಆ ಮಣ್ಣಿನ ಒಡ್ಡಿನಿಂದ ನಾಸಿಕಕ್ಕೆ ಕುಡಿಯುವ ನೀರು. ಅದೇ ಹೊಳೆ ಕೆಳಗೆ ಹರಿದು, ವಾಳೂಜವಿರುವ ಗಂಗಾಪುರ ತಾಲೂಕಿನ ಅಂಚು ಸವರಿ, ಪೈಠಣದ ಜಾಯಕವಾಡಿ ಜಲಾಶಯವನ್ನು ತುಂಬುತ್ತದೆ. ಔರಂಗಾಬಾದ್ ನಗರವನ್ನು ದಾಟಿ ಬರುವ ಖಾಮ್ ನದಿಯೂ ಕೊನೆಗೆ ಅಲ್ಲಿಗೇ. 1976ರಲ್ಲಿ ಪೂರ್ಣಗೊಂಡ ಜಾಯಕವಾಡಿಯಿಂದಲೇ ನಗರದ ಮನೆಗಳಿಗೂ ಕಾರಖಾನೆಗಳಿಗೂ ನೀರು. 2016ರ ಬರಗಾಲದಲ್ಲಿ ಜನರಿಗೆ ಕುಡಿಯಲು ನೀರು ಸಾಲದೆ, ಮದ್ಯದ ಕಾರಖಾನೆಗಳಿಗೂ ಇತರ ಕೈಗಾರಿಕೆಗಳಿಗೂ ಹೋಗುವ ನೀರನ್ನು ಕಡಿತ ಮಾಡುವಂತೆ ಮುಂಬಯಿ ಉಚ್ಚ ನ್ಯಾಯಾಲಯದ ಔರಂಗಾಬಾದ್ ಪೀಠ ಆಜ್ಞೆ ಮಾಡಬೇಕಾಯಿತು. ಅಂಥ ನೆಲದಲ್ಲಿ ಒಂದು ಪೀಪಾಯಿ ರಾಡಿ ಹಳ್ಳಕ್ಕೆ ಬಿದ್ದರೆ ಅದು ಯಾರ ಬಾವಿಯದೋ ಪ್ರಶ್ನೆಯಲ್ಲ. ಕಾರಖಾನೆ ತಾನು ಕುಡಿಯುವ ಬಟ್ಟಲಲ್ಲೇ ಕಸ ಚೆಲ್ಲಿಕೊಂಡಂತೆ.

ಈಗ ಮುಖ್ಯ ಮಾತಿಗೆ ಬರೋಣ. ಇಷ್ಟು ನಮೂನೆಗಳು, ಇಷ್ಟು ಬಣ್ಣದ ಚೀಟಿಗಳು, ಇಷ್ಟು ಅಂದವಾದ ವರದಿಗಳು ಇರುವಾಗ, ಈ ಲೆಕ್ಕದ ಮೊದಲ ಅಂಕಿಯನ್ನು ಹುಟ್ಟಿಸುವವರು ಯಾರು? ಕಚೇರಿಯಲ್ಲಿ ಕುಳಿತ ಅಧಿಕಾರಿಯಲ್ಲ. ಎಣ್ಣೆಬಟ್ಟೆಯನ್ನು ಯಾವ ಡಬ್ಬಿಗೆ ಹಾಕಬೇಕೆಂದು ಯಂತ್ರದ ಮುಂದೆ ನಿಂತು ನಿರ್ಧರಿಸುವವನು ಕಾಮಗಾರ. ರಾಡಿಯನ್ನು ತೋಡಿ ಪೀಪಾಯಿಗೆ ತುಂಬುವವನು, ಅದನ್ನು ತೂಕದ ಕಲ್ಲಿಗೆ ಉರುಳಿಸುವವನು, ಚೀಟಿ ಅಂಟಿಸುವವನು ಹೆಚ್ಚಿನ ಕಡೆ ಗುತ್ತೇದಾರನ ಕೂಲಿ. ಕಾರಖಾನೆಯಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳ ಅವನದು. ಎಲ್ಲರಿಗಿಂತ ವಿಷದ ಹತ್ತಿರ ನಿಂತವನೂ ಅವನೇ. ಅವನಿಗೆ ಚೀಟಿಯ ಮೇಲಿನ ಅಕ್ಷರ ಓದಲು ಬರುತ್ತದೆಯೋ ಇಲ್ಲವೋ ಯಾರೂ ಕೇಳುವುದಿಲ್ಲ. ಗುತ್ತಿಗೆ ಬದಲಾದರೆ ಅವನು ಹೋದ. ಕಲಿತದ್ದೂ ಅವನ ಜೊತೆ ಹೋಯಿತು. ಬುಡದ ಅಂಕಿಯೇ ಹೀಗೆ ಅಲುಗಾಡುತ್ತಿದ್ದರೆ ತುದಿಯಲ್ಲಿ ಅಚ್ಚಾಗುವ ವರದಿಗೆ ಎಷ್ಟು ಬೆಲೆ? ಹಣದ ಲೆಕ್ಕ ಬರೆಯಲು ಪದವೀಧರರನ್ನು ಇಟ್ಟು, ವಿಷದ ಲೆಕ್ಕವನ್ನು ಒಂದು ಜೊತೆ ಕೈಚೀಲವೂ ಇಲ್ಲದವನಿಗೆ ಒಪ್ಪಿಸುವುದು ಎಂಥ ನ್ಯಾಯ?

ಕಾಯಿದೆ ಈ ವಿಷಯದಲ್ಲಿಯೂ ಮೂಕವಾಗಿಲ್ಲ. 2016ರ ನಿಯಮಗಳಲ್ಲಿ ಐದನೆಯದು ಹೇಳುವುದೇನೆಂದರೆ, ತ್ಯಾಜ್ಯವನ್ನು ಕರಗಿಸುವ, ಬೇರ್ಪಡಿಸುವ, ಉಪಯೋಗಿಸುವ ಕೆಲಸದಲ್ಲಿರುವ ಕಾಮಗಾರರನ್ನು ರಾಜ್ಯ ಸರಕಾರದ ಕಾರ್ಮಿಕ ಇಲಾಖೆ ಗುರುತಿಸಿ ನೋಂದಾಯಿಸಬೇಕು. ಅವರು ಗುಂಪು ಕಟ್ಟಿಕೊಳ್ಳಲು ನೆರವಾಗಬೇಕು. ಕೆಲಸದ ಶಿಕ್ಷಣ ಕೊಡಬೇಕು. ವರ್ಷಕ್ಕೊಮ್ಮೆ ಅವರ ಆರೋಗ್ಯ ಮತ್ತು ಸುರಕ್ಷಿತತೆಯನ್ನು ನೋಡಬೇಕು. ಭೋಪಾಲದ ನಂತರ 1987ರಲ್ಲಿ 1948ರ ಕಾರಖಾನೆ ಕಾಯಿದೆಗೆ ತಿದ್ದುಪಡಿಯಾಗಿ, ಅಪಾಯದ ವಿವರವನ್ನು ಕಾಮಗಾರರಿಗೆ ತಿಳಿಸುವ ಹೊಣೆ, ಕಾಮಗಾರರಿಗೂ ಸಮಪಾಲಿರುವ ಸುರಕ್ಷತಾ ಸಮಿತಿ, ಕೂಡಲೇ ಅಪಾಯ ಕಂಡರೆ ಎಚ್ಚರಿಸುವ ಹಕ್ಕು, ಇವು ಸೇರಿದವು. 2020ರಲ್ಲಿ ಸಂಸತ್ತು ಮಾಡಿದ ಹೊಸ ಸಂಹಿತೆಯಲ್ಲಿಯೂ ಸುರಕ್ಷತಾ ಸಮಿತಿಯ ಏರ್ಪಾಡು ಇದೆ. ಅಪಾಯಕಾರಿ ಕಾರಖಾನೆಗಳು ತಮ್ಮ ರಸಾಯನ, ಕೊಳಚೆ, ಕಸಗಳ ವಿವರವನ್ನು ಹೆಬ್ಬಾಗಿಲ ಹೊರಗೆ ಫಲಕದ ಮೇಲೆ ಬರೆಯಬೇಕೆಂದು ಸರ್ವೋಚ್ಚ ನ್ಯಾಯಾಲಯ 2003ರಲ್ಲಿಯೇ ಆಜ್ಞೆ ಮಾಡಿದೆ. ಬಾಗಿಲಲ್ಲಿ ಫಲಕವಿದ್ದರೆ ನಿಂತು ಓದುವುದು ನಮ್ಮ ಕರ್ತವ್ಯ. ಅಂಕಿಯ ಜಾಗ ಖಾಲಿ ಇದ್ದರೆ ಕೇಳುವುದೂ ಕರ್ತವ್ಯ.

ಒಂದು ಅಂಜಿಕೆಯ ಮಾತನ್ನು ನಾವು ಬಲ್ಲೆವು. 'ಕಸದ ಲೆಕ್ಕ ಕೆದಕಿದರೆ ಮಂಡಲಿಯವರು ಬಂದು ಬೀಗ ಹಾಕುತ್ತಾರೆ. ಆಗ ನಮ್ಮ ಅನ್ನಕ್ಕೇನು ಗತಿ?' ಗಿರಣಿಗಳು ಮುಚ್ಚಿದುದನ್ನು ಕಣ್ಣಾರೆ ಕಂಡ ಸಮಾಜ ನಮ್ಮದು. ಈ ಅಂಜಿಕೆಯನ್ನು ಹೇಡಿತನವೆಂದು ನಾವು ತಳ್ಳಿಹಾಕುವುದಿಲ್ಲ. ಆದರೆ ಯೋಚಿಸಿ ನೋಡಿರಿ. ಬೀಗ ಬೀಳುವುದು ಲೆಕ್ಕ ಇಟ್ಟ ಕಾರಖಾನೆಗೋ, ಲೆಕ್ಕ ಮುಚ್ಚಿಟ್ಟು ಒಂದು ದಿನ ಸಿಕ್ಕಿಬಿದ್ದ ಕಾರಖಾನೆಗೋ? ತಿಂಗಳು ತಿಂಗಳಿಗೆ ಲೆಕ್ಕ ನೋಡಿದರೆ ತಪ್ಪು ಸಣ್ಣದಿರುವಾಗಲೇ ತಿದ್ದಬಹುದು. ವ್ಯರ್ಥವಾಗುವ ಬಣ್ಣ, ಎಣ್ಣೆ, ಲೋಹಗಳೆಲ್ಲ ಕಂಪನಿ ಹಣ ಕೊಟ್ಟು ಕೊಂಡವೇ. ಅವುಗಳಲ್ಲಿ ಉಳಿತಾಯವಾದರೆ ಕಾರಖಾನೆಯ ಆಯುಸ್ಸು ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ. ಕಾಮಗಾರನ ಕೂಲಿಯಲ್ಲಿ ಉಳಿತಾಯ ಹುಡುಕುವ ಆಡಳಿತ ವರ್ಗದವರು ಕಸದ ಪೀಪಾಯಿಯಲ್ಲಿ ಅದನ್ನು ಹುಡುಕಲಿ.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ತಿಂಗಳಿಗೊಮ್ಮೆ ಕಸದ ಲೆಕ್ಕದ ಸಾರಾಂಶವನ್ನು ಸುರಕ್ಷತಾ ಸಮಿತಿಯ ಮುಂದೆ ಇಡಬೇಕು. ಆಯಾ ಖಾತೆಯ ಫಲಕದ ಮೇಲೆ ಅಲ್ಲಿನ ಕಾಮಗಾರರು ಓದುವ ಭಾಷೆಯಲ್ಲಿ ಬರೆಯಬೇಕು. ಕಸ ಮುಟ್ಟುವ ಗುತ್ತಿಗೆ ಕೂಲಿಗಳ ಹೆಸರು ಕಂಪನಿಯ ಸುರಕ್ಷತೆಯ ಪಟ್ಟಿಯಲ್ಲಿ ಸೇರಬೇಕು. ಅವರಿಗೆ ಕೈಚೀಲ, ಬೂಟು, ಮುಖವಾಡ, ವರ್ಷದ ವೈದ್ಯ ತಪಾಸಣೆ, ಇ.ಎಸ್.ಐ. ಇವು ಗುತ್ತೇದಾರನ ದಯೆಯಿಂದಲ್ಲ, ಹಕ್ಕಿನಿಂದ ದೊರೆಯಬೇಕು. ರಸಾಯನದ ಪೀಪಾಯಿ ಪರವಾನಗಿ ಉಳ್ಳವನ ಕೈಗಲ್ಲದೆ ಹೋಗಬಾರದು; ತಿರುಗಿ ಅದೇ ರಸಾಯನಕ್ಕೆ ಬಳಕೆಯಾಗದ್ದನ್ನು ಜಜ್ಜದೆ ಹೊರಗೆ ಬಿಡಬಾರದು. ತಲೋಜಾ, ಪುಣೆಯ ಬಳಿಯ ರಾಂಜಣಗಾಂವ್ ಮುಂತಾದ ಕಡೆ ಇರುವ ವಿಲೇವಾರಿ ಕೇಂದ್ರಗಳಿಗೆ ಹೋದ ಒಂದೊಂದು ಲಾರಿಯ ತಿರುಗುಚೀಟಿಯನ್ನೂ ಸಮಿತಿಯ ಕಾಮಗಾರ ಸದಸ್ಯರು ನೋಡುವಂತಿರಬೇಕು. ಗುಜರಿ ಮಾರಿ ಬಂದ ಹಣದಲ್ಲಿ ಒಂದು ಪಾಲನ್ನು ಆ ಕೂಲಿಗಳ ಶಿಕ್ಷಣಕ್ಕೂ ಆರೋಗ್ಯಕ್ಕೂ ತೆಗೆದಿಡಬೇಕು. ಇದರಲ್ಲಿ ಯಾವುದೂ ಕಂಪನಿಯನ್ನು ಮುಳುಗಿಸುವ ಬೇಡಿಕೆಯಲ್ಲ.

ಮಾಲಿಕರಿಗೆ ಹೇಳಿದ ಮೇಲೆ ನಮ್ಮವರಿಗೂ ಎರಡು ಮಾತು ಹೇಳದಿದ್ದರೆ ನ್ಯಾಯವಾಗದು. ಪಾಳಿ ಮುಗಿಯುವ ಗಡಿಬಿಡಿಯಲ್ಲಿ ಎಣ್ಣೆಬಟ್ಟೆಯನ್ನು ರಟ್ಟಿನ ರಾಶಿಗೆ ಎಸೆಯುವ ಕೈ, ಉಳಿದ ತಿನ್ನರನ್ನು ಮೋರಿಗೆ ಸುರಿಯುವ ಕೈ, ನಮ್ಮದೇ ಕೈ. ಒಂದು ಮುಷ್ಟಿ ಎಣ್ಣೆಬಟ್ಟೆ ಬಿದ್ದರೆ ಇಡೀ ರಾಶಿ ಕೆಡುತ್ತದೆ; ಬೆಂಕಿಯ ಭಯ ಬೇರೆ. ನಾಳೆ ಆ ರಾಶಿಗೆ ಕೈ ಹಾಕುವವನು ನಮ್ಮಂಥವನೇ ಒಬ್ಬ ಅಣ್ಣ ತಮ್ಮ. ಮಾಲಿಕರಿಂದ ಲೆಕ್ಕ ಕೇಳುವವರು ತಾವು ಮೊದಲು ಲೆಕ್ಕಕ್ಕೆ ಸರಿಯಾಗಿ ನಿಲ್ಲಬೇಕು.

ಹೋಟೆಲಿನವರಿಗೂ ಅಷ್ಟೇ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದರಲ್ಲಿ ಕೂಡುವ ಕೆಟ್ಟ ಅಂಶ ನೂರಕ್ಕೆ 25 ಪಾಲು ದಾಟಕೂಡದೆಂದು 2018ರ ಜುಲೈ 1ರಿಂದ ನಿಯಮವಾಯಿತು. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಉಳಿದ ಎಣ್ಣೆಯ ದಾಖಲೆ ಇಟ್ಟು, ಒಪ್ಪಿಗೆ ಪಡೆದ ಸಂಗ್ರಹಕಾರರಿಗೇ ಕೊಡಬೇಕೆಂದು 2019ರ ಮಾರ್ಚ್ 1ರಿಂದ ಆಯಿತು. ಅಂಥ ಎಣ್ಣೆಯಿಂದ ಡೀಸೆಲ್ ಮಾಡಬಹುದು. ದಾಖಲೆ ಇಲ್ಲದಿದ್ದರೆ ಅದೇ ಎಣ್ಣೆ ಸಂದಿಯ ಗಾಡಿಗೆ ಹೋಗಿ, ಬಡವನ ಬಜ್ಜಿಯಾಗಿ ತಿರುಗಿ ಬರುತ್ತದೆ. ದಿನಕ್ಕೆ 100 ಕಿಲೋ ಮೇಲ್ಪಟ್ಟು ಕಸ ಮಾಡುವ ದೊಡ್ಡ ಹೋಟೆಲುಗಳು ತಮ್ಮ ಹಸಿ ಕಸವನ್ನು ತಾವೇ ಗೊಬ್ಬರ ಮಾಡಿಕೊಳ್ಳಬೇಕೆಂದು ಮುಂಬಯಿ ಮಹಾನಗರಪಾಲಿಕೆ 2017ರಲ್ಲಿ ಕಟ್ಟು ಮಾಡಿತು. ಅಡಿಗೆಮನೆಯ ಹಿಂಬಾಗಿಲಲ್ಲಿ ಎರಡು ಡಬ್ಬಿ ಬೇರೆ ಇಡುವುದೂ, ಎಣ್ಣೆಯ ವಹಿಯಲ್ಲಿ ಸರಿಯಾದ ಅಂಕಿ ಬರೆಯುವುದೂ ಧಣಿಗೆ ಮಾಡುವ ಉಪಕಾರವಲ್ಲ. ಅದು ನಮ್ಮಂಥವರ ಹೊಟ್ಟೆಯನ್ನು ನಾವೇ ಕಾಯುವ ಕೆಲಸ. ನೀರಿಗೆ ಡ್ರಮ್ಮು ಕೊಳ್ಳುವಾಗ ಹೊಸದನ್ನೇ ಕೊಳ್ಳಿರೆಂದು ಧಣಿಗೆ ಹೇಳುವ ಧೈರ್ಯವೂ ಇದರಲ್ಲಿ ಸೇರಿದೆ.

ಗಿರಣಿಯ ಕಾಲದಲ್ಲಿ ನಮ್ಮವರು ಪಗಾರಕ್ಕೆ ಹೋರಾಡಿದರು, ಬೋನಸಿಗೆ ಹೋರಾಡಿದರು. ಅದು ಯೋಗ್ಯವೇ ಆಗಿತ್ತು. ಗಾಳಿಯಲ್ಲಿ ಹಾರುವ ಧೂಳಿನ ಲೆಕ್ಕವನ್ನು ಮಾತ್ರ ಆಗ ಸಾಕಷ್ಟು ಗಟ್ಟಿಯಾಗಿ ಕೇಳಲಿಲ್ಲ. ಅದರ ಬೆಲೆಯನ್ನು ಎಷ್ಟೋ ಮನೆಗಳು ತೆತ್ತವು. ವಾಳೂಜದಲ್ಲಿ, ನಾಸಿಕದಲ್ಲಿ, ಪುಣೆಯಲ್ಲಿ ಇಂದು ಕಾರಖಾನೆಯ ಬಾಗಿಲು ಹೊಗುತ್ತಿರುವ ತರುಣರು ಅದೇ ಬೆಲೆ ತೆರಬಾರದು. ಪಗಾರದ ಚೀಟಿಯನ್ನು ಓದುವಷ್ಟೇ ಜಾಗರೂಕತೆಯಿಂದ ಅವರು ಕಸದ ಪಟ್ಟಿಯನ್ನೂ ಓದಲಿ. ನಮ್ಮ ಸಂಘಗಳು ಭಾನುವಾರದ ಸಭೆಗಳಲ್ಲಿ ಈ ನಮೂನೆಗಳ ಅರ್ಥವನ್ನು ಕನ್ನಡದಲ್ಲಿ ತಿಳಿಸಿಕೊಡುವ ಏರ್ಪಾಡು ಮಾಡಲಿ. ಲೆಕ್ಕ ಬಲ್ಲ ಕಾಮಗಾರನನ್ನು ಮೋಸಗೊಳಿಸುವುದು ಕಷ್ಟ. ಒಗ್ಗಟ್ಟಿನಿಂದ ಲೆಕ್ಕ ಕೇಳುವ ಕಾಮಗಾರರನ್ನು ಕಡೆಗಣಿಸುವುದು ಇನ್ನೂ ಕಷ್ಟ.